46 ಹಾಸಿಗೆಗಳ ನೆನಪು: ನನ್ನ ಅನುಭವ

ಮೂವತ್ತು ನಲವತ್ತು ವರ್ಷ ಇಂಗ್ಲೆಂಡಿನ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಕಳೆದ, ಮಾತು ಸರಿಯಾಗಿ ಬಾರದ ಬೌದ್ಧಿಕ ಅಂಗವಿಕಲರಿಂದ ಅವರ ಬದುಕಿನ ನೆನಪುಗಳನ್ನು ಪಡೆಯಲು ಆಗುವುದಿಲ್ಲ, ಪಡೆದರೂ ಅವನ್ನು ನಂಬುವಂತಿಲ್ಲ ಎಂದು ಒಂಬತ್ತು ಹತ್ತು ವರ್ಷ ಒಬ್ಬರಲ್ಲ ಒಬ್ಬರು ನನಗೆ ಹೇಳುತ್ತಲೇ ಬಂದರು. ಹೇಳಿದವರು ತಿಳಿಯದವರಲ್ಲ. ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನನ್ನೊಡನೆ ಒಂದೇ ಪಾಳಿಯಲ್ಲಿ ದುಡಿದ ನರ್ಸುಗಳು. ಆದರೂ ಕೆಲಸ ಆಯಿತು. ಒಟ್ಟು 26 ಮಂದಿಯೊಂದಿಗೆ ಕುಳಿತೆ. ಅವರಲ್ಲಿ 19 ಮಂದಿಯ ನೆನಪಿನ ಪುಸ್ತಕ ಸಿದ್ಧವಾಗಿ ಅವರವರ ಕೈ ಸೇರಿತು. ನಾನು ಬಲ್ಲ ಮಟ್ಟಿಗೆ, ನಮ್ಮ ಆಸ್ಪತ್ರೆಯಿಂದ ಹೊರಬಂದ ಬೇರೆ ಯಾರ ಪ್ರಯತ್ನವೂ ಇದರ ಅರ್ಧದಷ್ಟು ದೂರ ಬರಲಿಲ್ಲ. ವಿಶೇಷ ಶಾಲೆಗಳಲ್ಲಿ, ಪಾಲನಾ ಗೃಹಗಳಲ್ಲಿ ದುಡಿಯುವ ಕನ್ನಡದ ಗೆಳೆಯರು ಹಲವು ಸಲ ಕೇಳಿದ್ದರಿಂದ ಹೇಗೆ ಮಾಡಿದೆ, ಎಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ ಕೊಡುವವು; ಒಂದೆರಡು ಪೌಂಡು ಆಚೀಚೆ ಇರಬಹುದು.

ಪದದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಲರ್ನಿಂಗ್ ಡಿಸೆಬಿಲಿಟಿ ಎಂದರೆ ಓದು ಬರಹದಲ್ಲಿ ಹಿಂದುಳಿಯುವ ಮಕ್ಕಳ ತೊಂದರೆ ಎಂದು ಅರ್ಥ. ಬ್ರಿಟನ್ನಿನಲ್ಲಿ ಅದೇ ಪದಕ್ಕೆ ನಾವು ಬೌದ್ಧಿಕ ಅಂಗವಿಕಲತೆ ಎನ್ನುವ ಅರ್ಥವಿದೆ. ನಾನು 1972ರ ಅಕ್ಟೋಬರಿನಲ್ಲಿ ತೀರ್ಥಹಳ್ಳಿಯ ಕಡೆಯಿಂದ ಹೋಗಿ ವಿದ್ಯಾರ್ಥಿ ನರ್ಸಾಗಿ ಸೇರಿದಾಗ ಅಲ್ಲಿಯ ಕಾನೂನಿನ ಪದ 'ಸಬ್‌ನಾರ್ಮಲ್' ಎಂದಿತ್ತು, ಮುಂದೆ 'ಮೆಂಟಲ್ ಹ್ಯಾಂಡಿಕ್ಯಾಪ್' ಬಂತು, ಲರ್ನಿಂಗ್ ಡಿಸೆಬಿಲಿಟಿ ಬಂದದ್ದು ಆಮೇಲೆ. ಹಳೆಯ ಕಡತಗಳಲ್ಲಿ ಇನ್ನೂ ಹಿಂದಿನ ಪದಗಳಿದ್ದವು. 1913ರ ಮೆಂಟಲ್ ಡಿಫಿಷಿಯೆನ್ಸಿ ಕಾಯ್ದೆ ಜನರನ್ನು ಈಡಿಯಟ್, ಇಂಬೆಸೈಲ್, ಫೀಬಲ್ ಮೈಂಡೆಡ್, ಮಾರಲ್ ಇಂಬೆಸೈಲ್ ಎಂದು ನಾಲ್ಕು ಪಾಲು ಮಾಡಿತ್ತು. ಮದುವೆಯಾಗದೆ ಬಸಿರಾದ ಬಡ ಹುಡುಗಿಯರನ್ನೂ ಆ ಕಾಯ್ದೆಯಡಿ ಒಳಗೆ ಹಾಕಲು ಅವಕಾಶವಿತ್ತು. ಆ ನಾಲ್ಕು ಪದಗಳನ್ನು ಕೆಂಪು ಶಾಯಿಯಲ್ಲಿ ಬರೆದ ಕಡತದ ಮುಖಪುಟಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ, ಅದೇ ದಿನ ಆ ಕಡತದ ಒಡತಿಗೆ ಊಟ ಬಡಿಸಿದ್ದೇನೆ.

ನಮ್ಮದು ಲಂಡನ್ನಿನ ದಕ್ಷಿಣದ ಹೊರವಲಯದ ಒಂದು ಆಸ್ಪತ್ರೆ. ಅದರ ಹೆಸರನ್ನು ಬರೆಯುವುದಿಲ್ಲ, ಅಲ್ಲಿದ್ದವರ ಹೆಸರುಗಳನ್ನೂ ಬರೆಯುವುದಿಲ್ಲ. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ಬೌದ್ಧಿಕ ಅಂಗವಿಕಲರನ್ನು ಇಟ್ಟು ದುಡಿಸುತ್ತಿದ್ದ ಇಂಥ 'ಕಾಲೊನಿ'ಗಳೆಲ್ಲ ಒಂದೇ ಏಟಿಗೆ ಆಸ್ಪತ್ರೆಗಳಾದವು. ಹೊಲ, ಹಂದಿಗೂಡು, ಲಾಂಡ್ರಿ, ಚಪ್ಪಲಿ ಹೊಲಿಯುವ ಕೊಠಡಿ ಎಲ್ಲವೂ ಹಾಗೆಯೇ ಉಳಿದು, ದುಡಿಯುತ್ತಿದ್ದವರನ್ನು ರೋಗಿಗಳೆಂದು ಕರೆದದ್ದಷ್ಟೇ ಬದಲಾವಣೆ. ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ನಡೆದ ದೌರ್ಜನ್ಯದ ವಿಚಾರಣಾ ವರದಿ 1969ರಲ್ಲಿ ಹೊರಬಂದು ದೇಶ ಬೆಚ್ಚಿತ್ತು. ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಇಂಥ ಆಸ್ಪತ್ರೆಗಳಲ್ಲಿದ್ದಾರೆ, ಹಾಸಿಗೆಗಳನ್ನು ಇಪ್ಪತ್ತು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಸಬೇಕು ಎಂದು 1971ರಲ್ಲಿ ಸರ್ಕಾರವೇ ಹೇಳಿತ್ತು. ಆದರೆ ನಾನು ಕಾಲಿಟ್ಟ ಪುರುಷರ ವಾರ್ಡಿನಲ್ಲಿ 46 ಹಾಸಿಗೆಗಳಿದ್ದವು. ಎರಡು ಗೋಡೆಗಳ ಉದ್ದಕ್ಕೂ ಹದಿನೇಳು ಹದಿನೇಳು, ನಡುವೆ ಹನ್ನೆರಡು. ಎರಡು ಮಂಚಗಳ ನಡುವೆ ಒಬ್ಬ ಮನುಷ್ಯ ಪಕ್ಕಕ್ಕೆ ತಿರುಗಿ ನಿಲ್ಲುವಷ್ಟು ಜಾಗ. ಅಂಗಿ, ಚಡ್ಡಿ, ಕಾಲುಚೀಲ ಯಾರ ಸ್ವಂತದ್ದೂ ಅಲ್ಲ. ಲಾಂಡ್ರಿಯಿಂದ ಬಂದ ಗಂಟಿನಲ್ಲಿ ಮೈಗೆ ಆದದ್ದನ್ನು ತೊಡಿಸುವುದು. ಚಹಾ ದೊಡ್ಡ ಪಾತ್ರೆಯಲ್ಲಿ ಹಾಲು ಸಕ್ಕರೆ ಬೆರೆತೇ ಬರುತ್ತಿತ್ತು. ಸಕ್ಕರೆ ಬೇಡವೆಂದು ಹೇಳುವ ಅವಕಾಶ ಹುಟ್ಟಿದಾರಭ್ಯ ಸಿಗದವರು ಅಲ್ಲಿ ಬಹಳ ಮಂದಿ ಇದ್ದರು. ನೆಲ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಹೊಳೆಯಿಸುತ್ತಿದ್ದವರು ನರ್ಸುಗಳಲ್ಲ, ಅಲ್ಲಿಯ ನಿವಾಸಿಗಳೇ.

ನನ್ನ ಸಂಬಳ ತಿಂಗಳಿಗೆ ಅರವತ್ತು ಪೌಂಡಿನ ಆಸುಪಾಸಿನಲ್ಲಿತ್ತು, ಅದರಲ್ಲೇ ನರ್ಸುಗಳ ವಸತಿಗೃಹದ ಬಾಡಿಗೆ ಹಿಡಿಯುತ್ತಿದ್ದರು. 1974ರಲ್ಲಿ ಹಾಲ್ಸ್‌ಬರಿ ಸಮಿತಿ ನರ್ಸುಗಳ ಸಂಬಳ ಏರಿಸಬೇಕೆಂದು ಶಿಫಾರಸು ಮಾಡಿದ ಮೇಲೆ ಊರಿಗೆ ಸ್ವಲ್ಪ ಹಣ ಕಳಿಸುವಂತಾಯಿತು. ನನ್ನ ತಂಡದಲ್ಲಿ ಮಾರಿಷಸ್, ಮಲೇಷ್ಯಾ, ಐರ್ಲೆಂಡು, ಬಾರ್ಬಡೋಸಿನವರಿದ್ದರು. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುತ್ತಿದ್ದೆವು; ಮೂರ್ಛೆರೋಗದ ಔಷಧಿಯನ್ನು ಅರೆಬೆಳಕಿನಲ್ಲಿ ತಪ್ಪಾದ ಮಂಚಕ್ಕೆ ಕೊಟ್ಟುಬಿಡುವ ಭಯಕ್ಕೆ, 1974ರಲ್ಲಿ ನಾನು ನನ್ನ ದಿನಚರಿಯ ಎರಡು ಪುಟಗಳಲ್ಲಿ 46 ಮಂಚಗಳ ನಕ್ಷೆ ಬರೆದು, ಒಂದೊಂದರಲ್ಲೂ ಮಲಗುವವರ ಹೆಸರನ್ನು ಕನ್ನಡದಲ್ಲಿ ತುಂಬಿಸಿಟ್ಟುಕೊಂಡಿದ್ದೆ. ಅದು ಇಪ್ಪತ್ತೆರಡು ವರ್ಷಗಳ ಬಳಿಕ ಯಾವ ಕೆಲಸಕ್ಕೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

ನೆನಪುಗಳನ್ನು ಸೇರಿಸಬೇಕೆಂಬ ಯೋಚನೆ 1987ರಲ್ಲಿ ಬಂತು. ನಮ್ಮಲ್ಲಿಂದ ಜನರನ್ನು ಊರೊಳಗಿನ ಸಣ್ಣ ಮನೆಗಳಿಗೆ ಕಳಿಸಲು ಶುರುವಾಗಿತ್ತು. ಮರುವರ್ಷ ಕೆಂಟ್ ಪ್ರಾಂತದ ಡ್ಯಾರೆಂತ್ ಪಾರ್ಕ್ ಆಸ್ಪತ್ರೆ ಪೂರ್ತಿ ಮುಚ್ಚಿತು. ನಮ್ಮ ಸರದಿಯೂ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹೊರಡುವವರೊಂದಿಗೆ ಹೊಸ ಮನೆಗೆ ಏನು ಹೋಗುತ್ತದೆಂದು ನೋಡಿದೆ: ಒಂದು ಚೀಲ ಬಟ್ಟೆ, ಒಂದು ಔಷಧಿ ಪಟ್ಟಿ, ಒಂದು ಕಡತ. ಆ ಕಡತವನ್ನು ಬಿಚ್ಚಿದರೆ ನಲವತ್ತು ವರ್ಷದ ಜೀವನಕ್ಕೆ ವರ್ಷಕ್ಕೊಂದು ಸಾಲು, ತೂಕ ಇಷ್ಟು, ಮೂರ್ಛೆ ಇಷ್ಟು ಸಲ, ಬದಲಾವಣೆ ಇಲ್ಲ. ಮನೆಯಲ್ಲಿ ಬೆಳೆದವರಿಗೆ ಅಮ್ಮನೋ ಅಜ್ಜಿಯೋ 'ನೀನು ಚಿಕ್ಕವನಿದ್ದಾಗ' ಎಂದು ಹೇಳಿ ಹೇಳಿ ಬಾಲ್ಯವನ್ನು ಉಳಿಸಿಕೊಡುತ್ತಾರೆ. ಇವರಿಗೆ ಹಾಗೆ ಹೇಳುವವರು ನರ್ಸುಗಳು ಮಾತ್ರ, ಮತ್ತು ನಾವೂ ಚದುರಿ ಹೋಗುವವರಿದ್ದೆವು.

ಮೊದಲ ಎರಡು ವರ್ಷ ಮಾಡಿದ್ದೆಲ್ಲ ಕೆಟ್ಟಿತು. ನನ್ನ ದುಡ್ಡಿನಲ್ಲೇ 35 ಪೌಂಡಿಗೆ ಒಂದು ಕ್ಯಾಸೆಟ್ ರೆಕಾರ್ಡರ್ ಕೊಂಡೆ, ಹತ್ತು ಪೌಂಡಿನಷ್ಟು ಖಾಲಿ ಕ್ಯಾಸೆಟ್ ತಂದೆ, ಒಬ್ಬೊಬ್ಬರನ್ನೂ ಎದುರು ಕೂರಿಸಿ ಪ್ರಶ್ನೆ ಕೇಳಿದೆ. ಈ ಕ್ಷೇತ್ರದಲ್ಲಿ ಇರುವವರಿಗೆ ಮುಂದೆ ಏನಾಯಿತೆಂದು ಹೇಳಬೇಕಾಗಿಲ್ಲ. 'ಲಾಂಡ್ರಿಯ ಕೆಲಸ ಇಷ್ಟವಿತ್ತೇ' ಎಂದರೆ ಹೌದು, 'ಇಷ್ಟವಿರಲಿಲ್ಲವೇ' ಎಂದರೂ ಹೌದು. ಬಿಳಿ ಕೋಟು ತೊಟ್ಟವರಿಗೆ ಹೌದು ಎನ್ನುವುದು ಆಸ್ಪತ್ರೆ ಅವರಿಗೆ ಕಲಿಸಿದ ಮೊದಲ ಪಾಠ; ನಾನು ಕೋಟು ಬಿಟ್ಟು ಸ್ವೆಟರ್ ಹಾಕಿ ಕುಳಿತರೂ ಅವರ ಕಣ್ಣಿಗೆ ನಾನು ವಾರ್ಡಿನ ಹೊಣೆ ಹೊತ್ತ ಚಾರ್ಜ್ ನರ್ಸೇ. ಒಬ್ಬರಂತೂ ಕ್ಯಾಸೆಟ್ ತಿರುಗುವುದನ್ನು ಕಂಡು ತಮ್ಮ ಮೇಲೆ ವರದಿ ಬರೆಯುತ್ತಿದ್ದೇನೆಂದು ತಿಳಿದು, ಕೇಳದೆಯೇ ಕ್ಷಮೆ ಯಾಚಿಸತೊಡಗಿದರು. ಆ ಕ್ಯಾಸೆಟ್ಟನ್ನು ನಾನು ಅಳಿಸಿಬಿಟ್ಟೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದ್ದು 1989ರಲ್ಲಿ. ಸುಮಾರು ಎಪ್ಪತ್ತು ವರ್ಷದ ಒಬ್ಬ ಮಹಿಳೆ, ಜೀವಮಾನದ ಬಹುಭಾಗ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸಿದವರು, ನನ್ನ ಕನ್ನಡ ಟಿಪ್ಪಣಿಗಳಲ್ಲಿ ಅವರಿಗೆ 'ಮಡಿಕೆಯಜ್ಜಿ' ಎಂದು ಹೆಸರಿಟ್ಟಿದ್ದೆ. ಅವರು ಆಸ್ಪತ್ರೆ ಬಿಟ್ಟು ಇನ್ನಿಬ್ಬರೊಂದಿಗೆ ಒಂದು ಮನೆಯಲ್ಲಿ ಒಂದು ವರ್ಷದಿಂದ ಚೆನ್ನಾಗಿದ್ದರು. ನಾನು ಉತ್ಸಾಹದಿಂದ ಆಸ್ಪತ್ರೆಯ ಹಳೆಯ ಛಾಯಾಚಿತ್ರಗಳ ಆಲ್ಬಮ್ ತೆಗೆದುಕೊಂಡು ಹೋಗಿ ಮುಖ್ಯ ಕಟ್ಟಡದ ಚಿತ್ರ ತೋರಿಸಿದೆ. ಅವರು ಏನೂ ಮಾತನಾಡಲಿಲ್ಲ. ನಾನು ಹೊರಟ ಮೇಲೆ ತಮ್ಮ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಕೋಟು ತೊಟ್ಟು, ಬಾಗಿಲ ಬಳಿಯ ಕುರ್ಚಿಯಲ್ಲಿ ಎರಡು ದಿನ ಕುಳಿತರು, ಊಟ ಮುಟ್ಟಲಿಲ್ಲ. ಚಿತ್ರ ತೋರಿಸಿದ್ದೆಂದರೆ ಮತ್ತೆ ಅಲ್ಲಿಗೆ ಕರೆದೊಯ್ಯಲು ಬಂದಿದ್ದೇನೆಂದೇ ಅವರು ತಿಳಿದಿದ್ದರು. ಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ನನ್ನನ್ನು ಇನ್ನು ಬರಬೇಡಿ ಎಂದರು, ಅದು ನ್ಯಾಯವೇ ಆಗಿತ್ತು. ಆರು ತಿಂಗಳು ನಾನು ಈ ಕೆಲಸವನ್ನು ಪೂರ್ತಿ ಬಿಟ್ಟೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ, ಇದನ್ನು ಮಾತ್ರ ದಯವಿಟ್ಟು ಯಾರೂ ಬಿಡಬೇಡಿ. ಪ್ರತಿ ಭೇಟಿಯೂ ಅವರ ಸ್ವಂತ ಬಾಗಿಲಲ್ಲಿ ಶುರುವಾಗಬೇಕು: ಅವರ ಬೀಗದ ಕೈಯನ್ನು ಅವರೇ ತಿರುಗಿಸಿ ನನ್ನನ್ನು ಒಳಗೆ ಕರೆಯಬೇಕು, ತಮ್ಮ ಕೋಣೆಯನ್ನು ತೋರಿಸಬೇಕು. ಮುಗಿಯುವಾಗ ಅದೇ ಕೋಣೆಯಲ್ಲಿ ಅವರ ಲೋಟದಲ್ಲಿ ಅವರೇ ಮಾಡಿದ ಚಹಾ ಕುಡಿಯಬೇಕು, ನಾನು ಒಬ್ಬನೇ ಹೊರಗೆ ಹೋಗುವುದನ್ನು ಅವರು ಕಿಟಕಿಯಿಂದ ನೋಡಬೇಕು. ಇದಕ್ಕೆ ಮುಕ್ಕಾಲು ಗಂಟೆ ಹೆಚ್ಚು ಬೇಕಾಗುತ್ತದೆ. ಬೇಕಾಗಲಿ.

1990ರ ಬೇಸಿಗೆಯಲ್ಲಿ ರಜೆಗೆ ಊರಿಗೆ ಬಂದಿದ್ದಾಗ ನನ್ನ ಅಜ್ಜಿಗೆ ತೊಂಬತ್ತು ಸಮೀಪಿಸಿತ್ತು. ಮರೆವು ಹೆಚ್ಚಾಗಿ ನನ್ನನ್ನು ನನ್ನ ಚಿಕ್ಕಪ್ಪನೆಂದು ಕರೆಯುತ್ತಿದ್ದರು. ಏನು ಕೇಳಿದರೂ ಉತ್ತರವಿಲ್ಲ. ಒಂದು ಸಂಜೆ ಅತ್ತೆ ಅವರ ಮುಂದೆ ಹತ್ತಿಯನ್ನೂ ಸ್ವಲ್ಪ ಬೂದಿಯನ್ನೂ ಇಟ್ಟು, ತಾವೂ ಎದುರು ಕುಳಿತು ಬತ್ತಿ ಹೊಸೆಯತೊಡಗಿದರು. ಅಜ್ಜಿಯ ಬೆರಳು ತಾನಾಗಿ ತೊಡೆಯ ಮೇಲೆ ಓಡಿತು. ಹತ್ತಿಪ್ಪತ್ತು ಬತ್ತಿ ಆಗುವಷ್ಟರಲ್ಲಿ, ಯಾರೂ ಕೇಳದೆ, ಮದುವೆಯಾಗಿ ಬಂದ ವರ್ಷ ತುಂಗೆ ಉಕ್ಕಿ ಹಿತ್ತಿಲಿಗೆ ಬಂದದ್ದು, ಅತ್ತೆ ಮನೆಯವರು ದನಗಳನ್ನು ಗುಡ್ಡಕ್ಕೆ ಹತ್ತಿಸಿದ್ದು ಎಲ್ಲವನ್ನೂ ಹೇಳಿದರು. ಬತ್ತಿ ಮುಗಿದ ಕೂಡಲೇ ಮಾತೂ ನಿಂತಿತು. ಮರುದಿನ ಹತ್ತಿ ಇಟ್ಟೆವು, ಮತ್ತೆ ಮಾತು ಬಂತು. ನಾನು ಎರಡು ವರ್ಷ ಬಾಯಿಯನ್ನು ಕೇಳುತ್ತಿದ್ದೆ, ಕೇಳಬೇಕಾಗಿದ್ದದ್ದು ಕೈಯನ್ನು ಎಂದು ಅಲ್ಲಿಯ ಜಗಲಿಯ ಮೇಲೆ ಕುಳಿತೇ ತೀರ್ಮಾನಿಸಿದೆ.

ಇಂಗ್ಲೆಂಡಿಗೆ ಮರಳಿ ಆ ಮನೆಯವರನ್ನು ಬಹಳ ಕೇಳಿಕೊಂಡ ಮೇಲೆ ಮಡಿಕೆಯಜ್ಜಿಯನ್ನು ಮತ್ತೆ ನೋಡಲು ಬಿಟ್ಟರು. ಈ ಸಲ ನಾನು ಒಬ್ಬನೇ ಹೋಗಲಿಲ್ಲ. ಮಹಿಳೆಯರ ವಿಭಾಗದಲ್ಲಿ ಹಿಂದೆ ದುಡಿದ ಮಾರಿಷಸ್ಸಿನ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಹೋದೆ. ಆರು ಬೆಡ್‌ಶೀಟುಗಳನ್ನು ಒಯ್ದೆವು. ಮೊದಲ ದಿನ ಹೊಸ ಪಾಲಿಯೆಸ್ಟರ್ ಬೆರೆತ ಶೀಟು ಒಯ್ದದ್ದರಿಂದ ಏನೂ ಆಗಲಿಲ್ಲ. ಅವರು ಅದನ್ನು ಮುಟ್ಟಿ ನೋಡಿ ಕೆಳಗಿಟ್ಟರು. ಎರಡನೆಯ ಸಲ ಆಸ್ಪತ್ರೆಯ ಗುರುತು ಕತ್ತರಿಸಿ ತೆಗೆದ, ದಪ್ಪ ಹತ್ತಿಯ, ಚೆನ್ನಾಗಿ ಸವೆದ ಶೀಟುಗಳನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಲಾ ಐವತ್ತು ಪೆನ್ಸಿಗೆ ಕೊಂಡು ಒಯ್ದೆವು. ಶೀಟು ಮಡಿಸಲು ಇಬ್ಬರು ಬೇಕು: ಎದುರು ಬದುರು ನಿಂತು, ಅಂಚು ಹಿಡಿದು ಜಗ್ಗಿ, ಒಟ್ಟಿಗೆ ಬಂದು ಮೂಲೆ ಕೊಟ್ಟು, ಮತ್ತೆ ಹಿಂದೆ ಸರಿಯಬೇಕು. ಲಾಂಡ್ರಿಯಲ್ಲಿ ಮೇಲ್ವಿಚಾರಕರ ಕಣ್ಣಿದ್ದದ್ದರಿಂದ ಮಾತು ನಡೆಯುತ್ತಿದ್ದದ್ದು ಒಟ್ಟಿಗೆ ಬಂದ ಆ ಒಂದು ಕ್ಷಣದಲ್ಲಿ ಮಾತ್ರ. ನಾಲ್ಕನೆಯ ಶೀಟಿಗೆ ಅವರು ನನ್ನ ಸಹೋದ್ಯೋಗಿಯ ಹತ್ತಿರ ಬಂದಾಗ ಎರಡು ಮಾತು ಪಿಸುಗುಟ್ಟಿ ಹಿಂದೆ ಸರಿದರು. ಮುಂದಿನ ಮಡಿಕೆಗೆ ಇನ್ನೆರಡು ಮಾತು. ಹೀಗೆ ಒಂದು ವಾಕ್ಯಕ್ಕೆ ಒಂದು ಶೀಟು ಹಿಡಿಯುತ್ತಿತ್ತು. ಎದುರಿನವರು ವೇಗ ಹೆಚ್ಚಿಸಿದರೆ ಮಾತು ತಪ್ಪುತ್ತದೆ, ಬಾಯಿ ತೆರೆದು ಪ್ರಶ್ನೆ ಕೇಳಿದರೆ ಪೂರ್ತಿ ನಿಲ್ಲುತ್ತದೆ. ಶೀಟುಗಳನ್ನು ಯಾವ ಕ್ರಮದಲ್ಲಿ ಜೋಡಿಸಿ ಕೊಡಬೇಕೆಂಬ ಒಂದು ಗುಟ್ಟಿದೆ, ಅದನ್ನು ನನ್ನೊಂದಿಗೆ ಬಂದು ಕುಳಿತವರಿಗೆ ಮಾತ್ರ ತೋರಿಸಿದ್ದೇನೆ.

ಸುಮಾರು ಇಪ್ಪತ್ತೈದು ಭೇಟಿಗಳಲ್ಲಿ ಅವರು ಹೇಳಿದ್ದು ಮೂವತ್ತು ಪುಟಗಳಾಯಿತು. ಯುದ್ಧದ ಕಾಲದಲ್ಲಿ ಗಾಯಗೊಂಡವರಿಗೆಂದು ಕೆಲವು ವಾರ್ಡುಗಳನ್ನು ತೆರವು ಮಾಡಿ, ಇವರನ್ನೆಲ್ಲ ಉಳಿದ ವಾರ್ಡುಗಳಿಗೆ ತುಂಬಿದಾಗ ಮಂಚಗಳು ಒಂದಕ್ಕೊಂದು ತಾಗಿ, ಕಾಲ ಕಡೆಯಿಂದ ಹತ್ತಿ ಮಲಗಬೇಕಾಗಿದ್ದದ್ದು. ಪುರುಷರ ವಿಭಾಗದ ಒಬ್ಬರಿಗೆ ದಿಂಬಿನ ಚೀಲದೊಳಗೆ ಮಿಠಾಯಿ ಇಟ್ಟು ಗಂಟಿನಲ್ಲಿ ಕಳಿಸುತ್ತಿದ್ದದ್ದು, ಸಿಕ್ಕಿಬಿದ್ದ ಮೇಲೆ ತಿಂಗಳುಗಟ್ಟಲೆ ನೃತ್ಯದ ಸಂಜೆಗೆ ಬಿಡದೇ ಇದ್ದದ್ದು. ವಾರದ ಕೂಲಿಯೆಂದು ಕೆಲವು ಪೆನ್ನಿ ಕೊಟ್ಟು, ಅದನ್ನೂ ಆಸ್ಪತ್ರೆಯ ಅಂಗಡಿಯಲ್ಲೇ ಖರ್ಚು ಮಾಡಿಸುತ್ತಿದ್ದದ್ದು. ಇವೆಲ್ಲ ನಡೆದ ಸಂಗತಿಗಳೆಂದು ಹಳೆಯ ನರ್ಸುಗಳಿಬ್ಬರು ಬೇರೆ ಬೇರೆಯಾಗಿ ಒಪ್ಪಿದರು. ಆದರೂ ಮನಶ್ಶಾಸ್ತ್ರಜ್ಞೆಯೊಬ್ಬರು, ಅಜ್ಜಿ ಬೇರೆಯವರಿಂದ ಕೇಳಿದ್ದನ್ನು ಹೇಳುತ್ತಿರಬಹುದು, ನೀವು ಮಾತನ್ನು ಅವರ ಬಾಯಿಗೆ ಹಾಕುತ್ತಿರಬಹುದು ಎಂದರು. ಆ ಆಕ್ಷೇಪ ನನಗೆ ನೋವು ತಂದರೂ ಅದಕ್ಕೆ ಉತ್ತರ ಅಂದು ನನ್ನ ಬಳಿ ಇರಲಿಲ್ಲ.

ಮಾತು ಅಸ್ಪಷ್ಟವಿದ್ದವರಿಗೆ ಅವರ ಹಳೆಯ ಗೆಳೆಯರೇ ದುಭಾಷಿಗಳಾಗಬೇಕು. ಕೇಟರ್‌ಹ್ಯಾಮಿನ ಸೇಂಟ್ ಲಾರೆನ್ಸ್ ಆಸ್ಪತ್ರೆಯಲ್ಲಿದ್ದ ಜೋಯಿ ಡೀಕನ್ ತಮ್ಮ ಆತ್ಮಕಥೆಯನ್ನು ಬರೆಸಿದ್ದೇ ಹಾಗೆ. ಅವರ ಮಾತು ತಿಳಿಯುತ್ತಿದ್ದದ್ದು ಗೆಳೆಯ ಅರ್ನಿ ರಾಬರ್ಟ್ಸ್ ಅವರಿಗೆ; ಅವರು ತಿರುಗಿ ಹೇಳಿದ್ದನ್ನು ಇನ್ನೊಬ್ಬ ಗೆಳೆಯರು ಕೈಯಲ್ಲಿ ಬರೆದರು, ಮತ್ತೊಬ್ಬರು ಟೈಪ್ ಮಾಡಿದರು, ಎಲ್ಲರೂ ಅಲ್ಲಿಯ ನಿವಾಸಿಗಳೇ. 1974ರಲ್ಲಿ ಆ ಪುಸ್ತಕ ಅಚ್ಚಾದಾಗ ನಾನು ವಿದ್ಯಾರ್ಥಿಯಾಗಿದ್ದೆ, ನಮ್ಮ ವಾರ್ಡಿನಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದೆವು. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದಾಗ ನಮ್ಮಲ್ಲಿ ಗೆಳೆಯರನ್ನು ಬೇರೆ ಬೇರೆ ಊರಿನ ಮನೆಗಳಿಗೆ ಹಂಚಿದ್ದರು. ಇಬ್ಬರು ಗೆಳೆಯರನ್ನು ಒಂದು ಮಧ್ಯಾಹ್ನ ಒಂದೆಡೆ ಸೇರಿಸಲು ರೈಲು, ಟ್ಯಾಕ್ಸಿ ಸೇರಿ ಮೂವತ್ತು ಪೌಂಡು ತಗಲುತ್ತಿತ್ತು. ಹಾಗೆ ಸೇರಿಸಿದ ಒಂಬತ್ತು ಜೋಡಿಗಳಲ್ಲಿ ಏಳು ಜೋಡಿಗಳು ಒಬ್ಬರ ಮಾತನ್ನೊಬ್ಬರು ಬಿಡಿಸಿ ಹೇಳಿದರು. ನನ್ನ ಇಡೀ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಾತು ಸರಿಯಾಗಿ ಬಾರದವರು ಬಳಸುವ ಕೈಸನ್ನೆಗಳಾದ ಮೇಕಟನ್ ಸಂಜ್ಞೆಗಳನ್ನು ಬಲ್ಲವರಿಗೆ ಅದು ಹುಟ್ಟಿದ್ದೇ ಇಂಥ ಒಂದು ಆಸ್ಪತ್ರೆಯಲ್ಲಿ ಎಂಬುದು ತಿಳಿದಿರುತ್ತದೆ. 1972-73ರಲ್ಲಿ ಸರ್ರೆಯ ಬಾಟ್ಲೀಸ್ ಪಾರ್ಕಿನಲ್ಲಿ ಮಾರ್ಗರೆಟ್ ವಾಕರ್ ಅವರು ಅಲ್ಲಿಯ ಕಿವುಡ ನಿವಾಸಿಗಳೊಂದಿಗೆ ಅದನ್ನು ರೂಪಿಸಿದರು. ನೆನಪಿನ ಕೆಲಸಕ್ಕೆ ಅದು ನನಗೆ ಅಷ್ಟಾಗಿ ಒದಗಲಿಲ್ಲ, ಏಕೆಂದರೆ ಹಳಬರಿಗೆ ತಮ್ಮದೇ ಸಂಜ್ಞೆಗಳಿದ್ದವು: ಹೆಬ್ಬೆರಳು ತಿರುಗಿಸಿದರೆ ಬೀಗ, ಎರಡು ಬೆರಳನ್ನು ಹುಬ್ಬಿಗೆ ಮುಟ್ಟಿಸಿದರೆ ಮುಖ್ಯ ವೈದ್ಯರು. ಅಂಥ ನಲವತ್ತಕ್ಕೂ ಹೆಚ್ಚು ಸಂಜ್ಞೆಗಳನ್ನು ಬರೆದಿಟ್ಟಿದ್ದೇನೆ, ಅದೇ ಒಂದು ಬೇರೆ ಲೇಖನವಾದೀತು. ವಾಸನೆಯನ್ನೂ ಪ್ರಯತ್ನಿಸಿದೆ. ಕಾರ್ಬೋಲಿಕ್ ಸೋಪು ಮೂವರಿಗೆ ಸ್ನಾನದ ಸಾಲನ್ನು ನೆನಪಿಸಿ ಹೆದರಿಸಿತು, ಬಿಟ್ಟುಬಿಟ್ಟೆ. ಬೀಗದ ಕೈಗಳ ಗೊಂಚಲಿನ ಸದ್ದನ್ನಂತೂ ಎಂದಿಗೂ ಮಾಡಬೇಡಿ. ಹಳೆಯ ನಾಣ್ಯಗಳು ಚೆನ್ನಾಗಿ ಕೆಲಸ ಮಾಡಿದವು: 1971ರ ಫೆಬ್ರವರಿಯಲ್ಲಿ ನಾಣ್ಯಪದ್ಧತಿ ಬದಲಾದಾಗ ಇವರಿಗೆ ಯಾರೂ ಸರಿಯಾಗಿ ವಿವರಿಸಿರಲಿಲ್ಲ, ತಮ್ಮ ದೊಡ್ಡ ಪೆನ್ನಿಗಳನ್ನು ಯಾರೋ ಕದ್ದು ಸಣ್ಣವನ್ನು ಕೊಟ್ಟರೆಂದೇ ಹಲವರು ನಂಬಿದ್ದರು. ಆ ದೊಡ್ಡ ಪೆನ್ನಿಯನ್ನು ಅಂಗೈಗೆ ಇಟ್ಟೊಡನೆ ಅಂಗಡಿ, ತಂಬಾಕು, ಭಾನುವಾರದ ಬಿಸ್ಕತ್ತು ಎಲ್ಲ ಹೊರಬಂದವು.

ಹಣದ ವಿಷಯ ಹೇಳಿಬಿಡುತ್ತೇನೆ. ಒಂಬತ್ತು ವರ್ಷಗಳಲ್ಲಿ ನನ್ನ ಕೈಯಿಂದ ಹೋದದ್ದು ಸುಮಾರು 2,400 ಪೌಂಡು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಯಾಣಕ್ಕೆ. ಒಂದು ದತ್ತಿ ಸಂಸ್ಥೆ 300 ಪೌಂಡು ಕೊಟ್ಟಿತು. ಇನ್ನೊಂದು, ಇವರಿಗೆ ಗತಕಾಲವಲ್ಲ, ಮುಂದಿನ ದಿನಗಳು ಮುಖ್ಯ ಎಂದು ಬರೆದು ಅರ್ಜಿಯನ್ನು ತಿರಸ್ಕರಿಸಿತು. ಹೇಳುವವರಿಗೆ ಗಂಟೆಗೆ ಎರಡು ಪೌಂಡು ಕೊಡಬೇಕೆಂಬುದು ನನ್ನ ಹಟವಾಗಿತ್ತು, ಏಕೆಂದರೆ ಅವರು ಜೀವಮಾನವಿಡೀ ಹೆಚ್ಚುಕಡಿಮೆ ಪುಕ್ಕಟೆ ದುಡಿದವರು. ಆದರೆ ಸರ್ಕಾರದ ಭತ್ಯೆ ಪಡೆಯುವವರು ವಾರಕ್ಕೆ ಇಷ್ಟೇ ಗಳಿಸಬಹುದೆಂಬ ಮಿತಿಯಿತ್ತು, ಭತ್ಯೆಗೆ ಕುತ್ತು ಬರಬಹುದೆಂದು ಕಚೇರಿಯವರು ಎಚ್ಚರಿಸಿದರು. ಕೊನೆಗೆ ದುಡ್ಡಿನ ಬದಲು ಅವರು ಆರಿಸಿದ ಹೋಟೆಲಿನಲ್ಲಿ ಊಟ ಎಂದು ಮಾಡಿಕೊಂಡೆ. ಅದನ್ನು ಇಂದಿಗೂ ಸರಿಯಾದ ಸಂಬಳವೆಂದು ನಾನು ಒಪ್ಪುವುದಿಲ್ಲ.

ಇನ್ನು ಬಂಪರಣ್ಣನ ಸಂಗತಿ. ಬಂಪರು ಎಂದರೆ ಉದ್ದದ ಹಿಡಿಗೆ ಕೂಡಿಸಿದ ಹತ್ತು ಹನ್ನೆರಡು ಕಿಲೋ ತೂಕದ ಕಬ್ಬಿಣದ ಗಟ್ಟಿ, ಅದರಡಿಗೆ ಕಂಬಳಿಯ ತುಂಡು. ಮೇಣ ಹಚ್ಚಿದ ನೆಲದ ಮೇಲೆ ಅದನ್ನು ಹಿಂದೆ ಮುಂದೆ ತೂಗಿ ಹೊಳಪು ತರಿಸುತ್ತಿದ್ದರು. ನಮ್ಮ 46 ಹಾಸಿಗೆಗಳ ವಾರ್ಡಿನಲ್ಲಿ ಅದನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತೂಗಿದವರು ಒಬ್ಬರೇ. ಏಳು ವರ್ಷದ ಹುಡುಗನಾಗಿ ಒಳಗೆ ಬಂದವರು. ಹತ್ತು ಪದಗಳಷ್ಟೇ ಬರುತ್ತವೆ ಎಂದು ಅವರ ಕಡತದಲ್ಲಿತ್ತು. 1990ರಲ್ಲಿ ಅವರು ಹೊರಗಿನ ಮನೆಗೆ ಹೋದರು, 1994ರಲ್ಲಿ ಆಸ್ಪತ್ರೆಯೇ ಮುಚ್ಚಿತು. ಆಸ್ಪತ್ರೆಯ ಸಾಮಾನುಗಳು ಹರಾಜಾದಾಗ ಗುಜರಿಯವನಿಗೆ ಐದು ಪೌಂಡು ಕೊಟ್ಟು ನಾನು ಒಂದು ಬಂಪರನ್ನು ಉಳಿಸಿಕೊಂಡಿದ್ದೆ. ಅದನ್ನು ಅವರ ಕೈಗೆ ಕೊಟ್ಟರೆ ಏನಾದರೂ ಹೇಳಿಯಾರು ಎಂಬಷ್ಟೇ ಆಸೆ ನನ್ನದು.

ಮೊದಲ ಪ್ರಯತ್ನ ಒಂದು ಚರ್ಚಿನ ಹಾಲಿನಲ್ಲಿ, ಗಂಟೆಗೆ ನಾಲ್ಕು ಪೌಂಡು ಬಾಡಿಗೆ. ನಲವತ್ತು ಅಡಿಯ ಕೋಣೆಯಾದ್ದರಿಂದ ಅವರು ಅರ್ಧದಲ್ಲೇ ಗೋಡೆಗೆ ಬಂದು ಕಂಗಾಲಾಗಿ ನಿಂತರು. ಎರಡನೆಯದಕ್ಕೆ ಹಳೆಯ ಸೈನಿಕ ಕವಾಯತು ಹಾಲೊಂದನ್ನು ಹುಡುಕಿದೆ, ಸುಮಾರು ತೊಂಬತ್ತು ಅಡಿ, ಮರದ ನೆಲ. ಗಂಟೆಗೆ ಹನ್ನೆರಡು ಪೌಂಡು, ಮೇಣದಿಂದ ನೆಲ ಜಾರಿದರೆ ಎಂದು ಐವತ್ತು ಪೌಂಡು ಮುಂಗಡ. ಮಂಚಗಳ ಜಾಗವನ್ನು ನಾನು ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದೆ. ಅವರು ಮಂಡಿಯೂರಿ ಒಂದೊಂದು ಗುರುತನ್ನೂ ತೋಳಿನಿಂದ ಒರೆಸಿ ಹಾಕಿದರು, ಏಕೆಂದರೆ ಅವರ ಕಣ್ಣಿಗೆ ಅದು ಕೊಳೆ. ಆ ದಿನವೂ ವ್ಯರ್ಥ. ಮೂರನೆಯ ಸಲ ಗುರುತುಗಳನ್ನು ಬಿಟ್ಟು, ಬಾಗಿಲ ಎಡಗಡೆಗೆ ಚಾರ್ಜ್ ನರ್ಸಿನ ಮೇಜು ಇದ್ದ ಜಾಗದಲ್ಲಿ ಒಂದು ಮೇಜನ್ನು ಮಾತ್ರ ಇಟ್ಟೆ. ಮೊದಲ ಐದು ನಿಮಿಷ ಏನು ಮಾಡಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಮಾಡಿದರೆ ಕೆಡುತ್ತದೆ, ಕಣ್ಣಾರೆ ನೋಡಿ ಕಲಿಯಬೇಕು.

ಅವರು ಮೇಜನ್ನು ನೋಡಿದರು, ಬಂಪರು ಎತ್ತಿಕೊಂಡರು, ಬಲಗೋಡೆಯ ಮೊದಲ ಮಂಚವಿದ್ದ ಕಡೆಯಿಂದ ಶುರು ಮಾಡಿದರು. ಮೂರು ಸಲ ತೂಗುವುದು, ನಿಲ್ಲುವುದು, ಒಂದು ಹೆಜ್ಜೆ ಸರಿಯುವುದು. ನಿಂತಾಗಲೆಲ್ಲ ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋಗಿ ಕೇಳಿದೆ. ಅವರು ಹೇಳುತ್ತಿದ್ದದ್ದು ಹೆಸರುಗಳು. ಒಂದೊಂದು ಮಂಚದ ಜಾಗಕ್ಕೂ ಒಂದೊಂದು ಹೆಸರು.

ನಾನು ಅಲ್ಲಿಗೇ ನಿಲ್ಲಿಸಿದೆ. ನಕ್ಷೆ ಬಲ್ಲ ನಾನು ಹತ್ತಿರ ನಿಂತರೆ ನನ್ನ ಮುಖ ನೋಡಿ ಹೇಳಿದರೆಂಬ ಮಾತು ಬರುತ್ತದೆ. ಮುಂದಿನ ವಾರ ಹಿಂದೆ ಆಕ್ಷೇಪ ಎತ್ತಿದ್ದ ಮನಶ್ಶಾಸ್ತ್ರಜ್ಞೆಯನ್ನೇ ಕರೆದೆ. ನನ್ನ 1974ರ ದಿನಚರಿಯ ಆ ಎರಡು ಪುಟಗಳನ್ನು ಇಂಗ್ಲಿಷಿನಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ ಅವರ ಕೈಗೆ ಕೊಟ್ಟು, ನಾನು ಹಾಲಿನ ಹೊರಗೆ ಅಡಿಗೆಕೋಣೆಯಲ್ಲಿ ಕುಳಿತೆ. ಬಂಪರಣ್ಣನ ಜೊತೆ ನಡೆದು ಹೆಸರು ಬರೆದುಕೊಂಡವರು ಬಂಪರಣ್ಣ ಇದ್ದ ಮನೆಯಲ್ಲಿ ಕೆಲಸಕ್ಕಿದ್ದ, ಆಸ್ಪತ್ರೆಯನ್ನು ಕಂಡೇ ಇರದ ಒಬ್ಬ ಯುವತಿ. ಒಂದೂಕಾಲು ಗಂಟೆ ಹಿಡಿಯಿತು. ಲಕೋಟೆ ಒಡೆದು ತಾಳೆ ನೋಡಿದಾಗ 46ರಲ್ಲಿ 41 ಹೆಸರುಗಳು ಅದೇ ಮಂಚಕ್ಕೆ ಸರಿಹೊಂದಿದವು. ಹದಿನೈದು ದಿನ ಬಿಟ್ಟು ಮತ್ತೆ ಮಾಡಿಸಿದಾಗ, ತಮ್ಮದೇ ಮೊದಲ ಪಟ್ಟಿಗೆ 44 ಸರಿಹೊಂದಿದವು. ಹತ್ತು ಪದಗಳ ಮನುಷ್ಯ ಎಂದು ಬರೆದಿಟ್ಟವರ ಕಡತ ಆಗ ಆ ಮೇಜಿನ ಮೇಲೇ ಇತ್ತು. ಮನಶ್ಶಾಸ್ತ್ರಜ್ಞೆ ಅಂದೇ ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಂಡರು, ಮುಂದಿನ ಹನ್ನೊಂದು ಮಂದಿಯ ಕೆಲಸದಲ್ಲಿ ನನ್ನೊಂದಿಗೆ ಬಂದರು. ಬಂಪರಣ್ಣನ ಪುಸ್ತಕದಲ್ಲಿ ಬರಹವಿಲ್ಲ. 46 ಚೌಕಗಳ ಒಂದು ನಕ್ಷೆ, ಮುಖಚಿತ್ರ ಸಿಕ್ಕವರಿಗೆ ಚಿತ್ರ, ಸಿಗದವರಿಗೆ ಅವರೇ ಆರಿಸಿದ ಬಣ್ಣ. 2003ರಲ್ಲಿ ತೀರಿಕೊಳ್ಳುವ ತನಕ ಅದು ಅವರ ಮಂಚದ ಪಕ್ಕದಲ್ಲಿತ್ತು.

ಹೊಂದದ ಐದು ಹೆಸರುಗಳನ್ನು ಅವರ ತಪ್ಪೆಂದೇ ನಾನು ಬಹುಕಾಲ ತಿಳಿದಿದ್ದೆ. 1950ರ ದಶಕದ ಕೊನೆಯಿಂದ ಅದೇ ವಾರ್ಡಿನಲ್ಲಿ ದುಡಿದು ನಿವೃತ್ತರಾಗಿದ್ದ ಐರ್ಲೆಂಡಿನ ಹಿರಿಯ ನರ್ಸೊಬ್ಬರಿಗೆ ಪಟ್ಟಿ ತೋರಿಸಿದಾಗ, ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ಮೂರು ಹೆಸರುಗಳ ಮೇಲೆ ಬೆರಳಿಟ್ಟರು. ಆ ಮೂವರು ನಾನು ಬರುವ ಮೊದಲೇ ಅದೇ ಮಂಚಗಳಲ್ಲಿ ತೀರಿಕೊಂಡವರು. ಉಳಿದ ಇಬ್ಬರ ಹೆಸರು ಅವರಿಗೂ ತಿಳಿಯದು, ಅವರಿಗಿಂತಲೂ ಹಿಂದಿನವರಿರಬೇಕು. ಪ್ರವೇಶ ದಾಖಲೆಯ ಹಳೆಯ ಪುಸ್ತಕಗಳು ಈಗ ಪ್ರಾಂತದ ದಾಖಲೆ ಭಂಡಾರದಲ್ಲಿವೆ, ನೂರು ವರ್ಷ ಮುಚ್ಚಿಡಬೇಕೆಂಬ ನಿಯಮದಡಿ. ಬಲಗೋಡೆಯ ಒಂಬತ್ತನೆಯ ಮಂಚ ಮತ್ತು ನಡುಸಾಲಿನ ನಾಲ್ಕನೆಯ ಮಂಚ, ಈ ಎರಡರ ಹೆಸರುಗಳನ್ನಷ್ಟೇ ನೋಡಿ ಹೇಳಬೇಕೆಂದು ಅಲ್ಲಿಗೆ ಅರ್ಜಿ ಹಾಕಿದ್ದೇನೆ.